ನೇರ ಹೋಗಿ, ಸೇತುವೆ ದಾಟಿ

ಮೋಮೊಲೊನ ಗ್ರಹಚಾರ ಕೆಟ್ಟದ್ದು ಒಂದು ಫೋನ್ ಕರೆಯಿಂದ. ಆ ಕರೆ ಅವನಿಗೆ ಬಂದದ್ದೂ ಅಲ್ಲ. ಓಣಿಯ ಮೂಲೆಯಲ್ಲಿ ವೈನ್ ಅಂಗಡಿ ಇಟ್ಟಿರುವ ಒರ್ಸೋಲಾಳಿಗೆ ಬಂದದ್ದು. ಮರುದಿನ ಸಲೂತೆ ಹಬ್ಬ. ಹಿಂದೆ ಯಾವ ಕಾಲದಲ್ಲೋ ಊರಿಗೆ ಬಂದ ಪ್ಲೇಗು ತೊಲಗಿದ್ದಕ್ಕೆ ವೆನಿಸ್ಸಿನವರೆಲ್ಲ ಇಗರ್ಜಿಗೆ ಹೋಗಿ ಮಾತೆಯ ಮುಂದೆ ಮೇಣದ ಬತ್ತಿ ಹಚ್ಚಿ, ಮನೆಗೆ ಬಂದು ಕಾಸ್ತ್ರದೀನವೆಂಬ ಸಾರು ಉಣ್ಣುವ ದಿನ. ಒರ್ಸೋಲಾ ಆ ಸಾರಿಗೇ ಉಪ್ಪು ಹಚ್ಚಿ ಒಣಗಿಸಿದ ಕುರಿಮಾಂಸ ಬೇಯಲಿಟ್ಟು, ಕೋಸು ಹೆಚ್ಚುತ್ತಾ ನಿಂತಿದ್ದಳು. ಫೆರಾರ ಊರಿನಿಂದ ಯಾರೋ ಗಂಡಸಿನ ದನಿ. ತೀರಿಕೊಂಡ ಪೆರೀನಾ ಅಮ್ಮನವರ ಮನೆಯ ಬೀಗದ ಕೈ ನಿಮ್ಮಲ್ಲಿದೆಯಂತಲ್ಲ, ನಾಳೆ ನಾವು ಗಂಡ ಹೆಂಡತಿ ಮನೆ ನೋಡಲು ಬರುತ್ತೇವೆ, ಮಹಡಿಯಲ್ಲಿ ಬಾಡಿಗೆಗಿರುವವರಿಗೆ ಮಾತ್ರ ದಯವಿಟ್ಟು ತಿಳಿಸಬೇಡಿ ಎಂದಿತು ಆ ದನಿ. ಒರ್ಸೋಲಾ ಆಗಲಿ ಸ್ವಾಮಿ ಎಂದು ಫೋನಿಟ್ಟಳು. ಇಟ್ಟವಳು ಕೈ ಒರೆಸಿಕೊಳ್ಳುವಷ್ಟೂ ತಡೆಯದೆ ಬಾಡಿಗೆದಾರನಿಗೆ ತಿಳಿಸಿಯೇಬಿಟ್ಟಳು. ಅದೇನೂ ಕಷ್ಟವಿರಲಿಲ್ಲ. ಮೋಮೊಲೊ ಅವಳ ಎದುರಿಗೇ, ತನ್ನ ಮಾಮೂಲಿ ಮೂಲೆಯ ಮೇಜಿನಲ್ಲಿ ಪುಟ್ಟ ಲೋಟ ಹಿಡಿದು ಕೂತಿದ್ದ.

ಮೋಮೊಲೊ ನಮ್ಮೂರ ಕಾಲುವೆಗಳಲ್ಲಿ ಓಡುವ ನೀರು ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಕೆಲಸ ಬಿಟ್ಟರೂ ಕೆಲಸದ ನೀಲಿ ಟೋಪಿ ತಲೆ ಬಿಟ್ಟಿರಲಿಲ್ಲ. ಮದುವೆಯಾದ ವರ್ಷದಿಂದ ಪೆರೀನಾಳ ಮಹಡಿಯಲ್ಲೇ ಇದ್ದ. ಕರಾರು ಪತ್ರ ಅಂತ ಏನೂ ಇರಲಿಲ್ಲ. ತಿಂಗಳು ಹುಟ್ಟಿದ ದಿನ ಇವನು ಬಾಡಿಗೆ ಕೊಡುವುದು, ಅವಳು ಒಂದು ಬಿಸ್ಕತ್ತು ಕೊಡುವುದು, ಅಷ್ಟೇ ವ್ಯವಹಾರ. ಹೆಂಡತಿ ಜನೆಟ್ಟಾ ಹೋದ ಮೇಲೂ ಅವಳ ಕಿಟಕಿ, ಅವಳ ಬಟ್ಟೆ ಒಣಗಿಸುವ ಹಗ್ಗ, ಅವಳು ಬೈಯುತ್ತಿದ್ದ ಬಾಗಿಲಿನ ಕಿರಕಿರ ಎಲ್ಲ ಹಾಗೇ ಇದ್ದವು. ಮೋಮೊಲೊಗೆ ಅಷ್ಟಿದ್ದರೆ ಸಾಕಾಗಿತ್ತು.

ಮನುಷ್ಯ ಒಳ್ಳೆಯವನೇ. ಆದರೆ ತನಗೇನು ಬೇಕೆಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಹುಟ್ಟಿದಂದಿನಿಂದ ಇರಲಿಲ್ಲ. ಛಾವಣಿ ಸೋರಿದಾಗ ಹಾಸಿಗೆಯ ಪಕ್ಕ ಬಕೆಟ್ ಇಟ್ಟುಕೊಂಡು ಮಲಗಿದ. ಪೆರೀನಾ ಕೇಳಿದಾಗಲೆಲ್ಲ ಏನೂ ತೊಂದರೆ ಇಲ್ಲ ಅಮ್ಮಾವ್ರೇ ಎಂದ. ಕೊನೆಗೊಂದು ದಿನ ಬಕೆಟ್ ತುಂಬಿ ಹರಿದು, ಕೆಳಗೆ ಊಟಕ್ಕೆ ಕೂತಿದ್ದ ಪೆರೀನಾಳ ನೆತ್ತಿಯ ಮೇಲೆ ನೀರು ಬಿತ್ತು. ಛಾವಣಿ ರಿಪೇರಿಯಾದದ್ದು ಆಮೇಲೆ. ಆ ಪೆರೀನಾ ಬೇಸಿಗೆಯ ಕೊನೆಗೆ ಕಣ್ಣು ಮುಚ್ಚಿದಳು. ಆಸ್ತಿ ಯಾರೋ ಸೋದರಳಿಯನಿಗೆ ಹೋಯಿತೆಂದು ಗೊತ್ತಿತ್ತು. ಅವನನ್ನು ಮಾತ್ರ ಓಣಿಯಲ್ಲಿ ಈಚೆಗೆ ಕಂಡವರಿರಲಿಲ್ಲ.

ಫೋನಿನ ಸುದ್ದಿ ಕೇಳಿ ಮೋಮೊಲೊನ ಕೈಯ ಲೋಟ ಮೇಜಿಗೆ ಇಳಿಯಿತು. ಬಾಡಿಗೆದಾರನಿಗೆ ಹೇಳಬೇಡಿ ಎಂದರೆ ಏನರ್ಥವೆಂದು ನಮ್ಮ ಓಣಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದಾದ ಮೇಲೊಂದು ಬಾಗಿಲಿನ ಪಕ್ಕ ನಂಬರು ಒತ್ತಿ ಬೀಗದ ಕೈ ತೆಗೆಯುವ ಡಬ್ಬಿ ಬಂದು ಕೂತಿತ್ತು. ಡಬ್ಬಿ ಬಂದ ಮನೆಯಲ್ಲಿ ಮನುಷ್ಯರಿರುವುದಿಲ್ಲ, ಪ್ರವಾಸಿಗಳಿರುತ್ತಾರೆ. ಬ್ರೆಡ್ಡಿನ ಅಂಗಡಿ ಹೋಗಿ ಮುಖವಾಡದ ಅಂಗಡಿ ಬಂತು. ಚಪ್ಪಲಿ ಹೊಲಿಯುವವನು ಹೋಗಿ ಐಸ್‌ಕ್ರೀಮ್ ಬಂತು. ಬೆಳಗಾದರೆ ಕಲ್ಲು ಹಾಸಿನ ಮೇಲೆ ಪೆಟ್ಟಿಗೆಯ ಚಕ್ರಗಳ ಗಡಗಡ ಬಿಟ್ಟರೆ ಬೇರೆ ಸದ್ದಿಲ್ಲ.

"ಕೊಳ್ಳೋಕೆ ಬರ್ತಿದಾರೆ ಕಣೋ," ಎಂದ ಬೋರ್ಟೊಲೊ. ಇವನು ಹಿಂದೆ ನೀರು ಬಸ್ಸು ನಡೆಸುತ್ತಿದ್ದ ಮೋಮೊಲೊನ ಜೊತೆಗಾರ, ಈಗ ಓಣಿಯ ಸಕಲ ಸಮಸ್ಯೆಗಳಿಗೂ ಸಲಹೆಗಾರ. ಅವನ ಸಲಹೆಯಿಂದ ಉದ್ಧಾರವಾದವರು ಯಾರೂ ಇರಲಿಲ್ಲ. ಆದರೂ ಕೇಳದೆ ಇರುವ ಧೈರ್ಯವೂ ಯಾರಿಗೂ ಇರಲಿಲ್ಲ, ಏಕೆಂದರೆ ಕೇಳದಿದ್ದರೂ ಅವನು ಹೇಳುತ್ತಿದ್ದ.

ಹೋಗಿ ಕೈ ಮುಗಿದು ಬೇಡಿಕೊಳ್ಳಲೇ ಎಂದು ಮೋಮೊಲೊ ಕೇಳಿದ. ನಿನ್ನ ಬಾಯಲ್ಲಿ ಬೇಡಿಕೆ ಎಲ್ಲಿ ಬರುತ್ತೆ, ಏನೂ ತೊಂದರೆ ಇಲ್ಲ ಸ್ವಾಮಿ ಅಂತ ನೀನೇ ಬಾಗಿಲು ತೆಗೆದು ಹೊರಗೆ ಬರ್ತೀಯ ಎಂದಳು ಒರ್ಸೋಲಾ. ಬೋರ್ಟೊಲೊ ಯೋಚಿಸಿದವನ ಹಾಗೆ ಮೀಸೆ ಎಳೆದುಕೊಂಡು ತನ್ನ ಉಪಾಯ ಬಿಚ್ಚಿದ.

"ಜಗಳ ಬೇಡ, ಬೇಡೋದೂ ಬೇಡ. ಊರು ತೋರಿಸು. ಎಲ್ಲಿ ತಿನ್ನೋದು, ಎಲ್ಲಿ ಕುಡಿಯೋದು, ಏನು ನೋಡೋದು ಅಂತ ಪೇಪರಿನವರು ಬರೀತಾರಲ್ಲ, ಅದನ್ನೆಲ್ಲಾ ಮಾಡಿಸು. ಕೆಟ್ಟದ್ದೇ ತಿನ್ನಿಸು, ಕೆಟ್ಟದ್ದೇ ಕುಡಿಸು, ಕೊಳೆತ ಗಲ್ಲಿಗಳಲ್ಲೇ ಸುತ್ತಿಸು. ಸಂಜೆ ರೈಲಿಗೆ ಓಡಿಹೋಗ್ತಾರೆ. ನೀನು ಯಾರು ಅಂತ ಮಾತ್ರ ಹೇಳ್ಬೇಡ."

ಪರವೂರಿನವರ ದಾರಿ ತಪ್ಪಿಸುವುದು ನಮ್ಮಲ್ಲಿ ಪಾಪವೆಂದು ಯಾರೂ ಎಣಿಸುವುದಿಲ್ಲ. ಯಾರೇ ಬಂದು ಏನೇ ಕೇಳಲಿ, ನೇರ ಹೋಗಿ, ಸೇತುವೆ ದಾಟಿ ಎನ್ನುತ್ತೇವೆ. ಇಡೀ ಊರಿನಲ್ಲಿ ನೇರವಾದ ದಾರಿ ಒಂದೂ ಇಲ್ಲ, ಸೇತುವೆಗಳು ಲೆಕ್ಕವಿಲ್ಲದಷ್ಟು. ಮೋಮೊಲೊ ಅದನ್ನು ಕೆಲಸದಲ್ಲಿದ್ದಾಗ ದಿನವೂ ಹೇಳಿದವನೇ. ಆದರೂ ಹಬ್ಬದ ದಿನ ಸುಳ್ಳು ಹೇಳಬೇಕಲ್ಲ ಎಂದು ಅವನಿಗೆ ಕಸಿವಿಸಿಯಾಯಿತು. ಅವತ್ತು ಜನೆಟ್ಟಾಳ ಹೆಸರಿನಲ್ಲಿ ಬತ್ತಿ ಹಚ್ಚಬೇಕಿತ್ತು. ಬತ್ತಿ ಹಚ್ಚಿ ಬಂದು ಈ ಮೂಲೆಯ ಮೇಜಿನಲ್ಲಿ, ಅವಳು ಕೂರುತ್ತಿದ್ದ ಕುರ್ಚಿಯನ್ನು ಎದುರಿಗಿಟ್ಟುಕೊಂಡು, ಒರ್ಸೋಲಾಳ ಸಾರು ಉಣ್ಣಬೇಕಿತ್ತು. ವರ್ಷವಿಡೀ ಅವನು ಕಾಯುತ್ತಿದ್ದದ್ದು ಆ ಒಂದು ಬಟ್ಟಲಿಗೆ.

"ನಿನ್ನ ಬಟ್ಟಲು ನಾನು ಎತ್ತಿಡ್ತೀನಿ. ಮನೆ ಉಳಿಸ್ಕೊಂಡು ಬಾ," ಎಂದಳು ಒರ್ಸೋಲಾ.

ಹಬ್ಬದ ಬೆಳಿಗ್ಗೆ ಊರು ಕಣ್ಣು ಬಿಡುವ ಮೊದಲೇ ಸೈರನ್ ಕೂಗಿತು. ನೀರು ಏರುತ್ತಿದೆ ಎಂದು ಅದರ ಅರ್ಥ. ಮೇಲೆ ಮಂಜು, ಕೆಳಗೆ ನೀರು, ನಡುವೆ ನಾವು. ಮೋಮೊಲೊ ಇಗರ್ಜಿಗೆ ಹೋಗುವ ಆಸೆಯಿಂದ ಒಳ್ಳೆಯ ಕರಿ ಶೂ ಹಾಕಿಕೊಂಡಿದ್ದ. ರಬ್ಬರ್ ಬೂಟು ಹಾಕ್ಕೊಳ್ಳೋ ಎಂದು ಜನೆಟ್ಟಾ ಇದ್ದಿದ್ದರೆ ಬೈಯುತ್ತಿದ್ದಳು. ಮೇಣದ ಬತ್ತಿ ಕೋಟಿನ ಒಳಜೇಬಿನಲ್ಲಿತ್ತು. ಬೋರ್ಟೊಲೊ ಅವನನ್ನು ನೀರು ಬಸ್ಸಿನ ನಿಲ್ದಾಣದಲ್ಲಿ ನಿಲ್ಲಿಸಿ, ಬೆನ್ನು ತಟ್ಟಿ, ತಾನು ಬೆಚ್ಚಗೆ ಅಂಗಡಿಗೆ ಹೋದ.

ಬಂದವರು ಇಬ್ಬರು. ಗಂಡ ಎತ್ತರ, ದಪ್ಪ, ಮುಖದ ತುಂಬ ನಗು. ಹೆಂಡತಿ ಸಣಕಲು, ಏನು ಕಂಡರೂ ಅಳು ಬರುವಂಥ ಕಣ್ಣು. ಇಬ್ಬರ ಕಾಲಲ್ಲೂ ಹೊಸ ಹಳದಿ ರಬ್ಬರ್ ಬೂಟುಗಳು. ಗಂಡ ಮಂಜಿನಲ್ಲಿ ಅತ್ತಿತ್ತ ನೋಡಿ, ನೀಲಿ ಟೋಪಿಯ ಮೇಲೆ ಕಣ್ಣಿಟ್ಟು, ಸೀದಾ ಮೋಮೊಲೊನ ಹತ್ತಿರ ಬಂದು ಒಂದು ಮನೆಯ ನಂಬರು ಹೇಳಿದ. ನಮ್ಮೂರ ನಂಬರುಗಳು ಓಣಿ ಬಿಟ್ಟು ಓಣಿಗೆ ಹಾರುತ್ತವೆ, ಅಂಚೆಯವರಿಗೇ ತಲೆ ಕೆಡುತ್ತದೆ. ಈ ನಂಬರು ಮಾತ್ರ ಮೋಮೊಲೊಗೆ ನಿದ್ದೆಯಲ್ಲೂ ಗೊತ್ತಿತ್ತು. ಅದು ಅವನದೇ ಬಾಗಿಲಿನ ಮೇಲಿತ್ತು.

"ಅಲ್ಲಿಗ್ಯಾಕೆ ಸ್ವಾಮಿ ಇಷ್ಟು ಬೇಗ. ಆ ಕಡೆಯೆಲ್ಲಾ ಈಗ ನೀರು ತುಂಬಿದೆ," ಎಂದ ಮೋಮೊಲೊ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಡತಿ ಸ್ವಲ್ಪ ನಕ್ಕಳು. ಹಾಗಾದರೆ ಊರು ನೋಡುತ್ತೇವೆ, ಎಲ್ಲಿ ಏನು ಚೆನ್ನಾಗಿದೆ, ಎಲ್ಲಿ ತಿನ್ನಬಹುದು, ಎಲ್ಲಿ ಕುಡಿಯಬಹುದು, ನೀವೇ ಹೇಳಿ ಯಜಮಾನರೇ ಎಂದಳು. ಹೇಳುವುದೇನು, ನಾನೇ ಬರುತ್ತೇನೆ, ನನಗೂ ಬೇರೆ ಕೆಲಸವಿಲ್ಲ ಎಂದ ಮೋಮೊಲೊ. ಅವರು ಮತ್ತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡನ ಹೆಸರು ಎರ್ಕೊಲೆ, ಹೆಂಡತಿ ನಿವೆಸ್. ಇವನು ತನ್ನ ಹೆಸರು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಅದು ವಿಚಿತ್ರವೆಂದು ಮೋಮೊಲೊಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಮೊದಲು ಕುಡಿಯುವುದು. ಸಾನ್ ಮಾರ್ಕೊ ಚೌಕದ ದುಬಾರಿ ಕಾಫಿ ಅಂಗಡಿಯೊಂದಕ್ಕೆ ಕರೆದೊಯ್ದ. ಊರಿನವರು ಅಲ್ಲಿ ಕೂರುವುದು ಹಾಗಿರಲಿ, ಆ ಕುರ್ಚಿಗಳ ಪಕ್ಕ ಹಾದು ಹೋಗುವಾಗಲೂ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಅಲ್ಲಿ ಕಾಫಿಗೆ ಬೇರೆ ದುಡ್ಡು, ಪಿಟೀಲು ಕೇಳಿದ್ದಕ್ಕೆ ಬೇರೆ ದುಡ್ಡು. ಚೌಕದಲ್ಲಿ ಪಾದ ಮುಳುಗುವಷ್ಟು ನೀರು. ಖಾಲಿ ಕುರ್ಚಿಗಳಿಗೆ ವಾದ್ಯದವರು ನೀರಿನ ನಡುವೆ ಎತ್ತರದ ಹಲಗೆಯ ಮೇಲೆ ಕೂತು, ಸಾವಿನ ಮನೆಯವರ ಮುಖ ಹಾಕಿಕೊಂಡು, ಕುಣಿತದ ವಾಲ್ಟ್ಜ್ ನುಡಿಸುತ್ತಿದ್ದರು. ಮೋಮೊಲೊನ ಒಳ್ಳೆಯ ಶೂ ಒಂದೇ ಗುಟುಕಿನಲ್ಲಿ ಕೆರೆಯಷ್ಟು ನೀರು ಕುಡಿಯಿತು. ಎರ್ಕೊಲೆ ಬೂಟು ಕಾಲನ್ನು ನೀರಿನಲ್ಲಿ ಚಾಚಿ, ಕಣ್ಣು ಮುಚ್ಚಿ ಕೇಳಿದ. ಕಾಫಿಯ ಬಿಲ್ಲು ಬಂತು. ಮೋಮೊಲೊ ಕಾತರದಿಂದ ಅವನ ಮುಖ ನೋಡಿದ. ಎರ್ಕೊಲೆ ದುಡ್ಡಿಟ್ಟು, ಪಿಟೀಲಿನವನಿಗೆ ಮೇಲೆ ಬಕ್ಷೀಸು ಕೊಟ್ಟು, ಹೀಗೆ ನೀರಲ್ಲಿ ಕಾಲಿಟ್ಟುಕೊಂಡು ಸಂಗೀತ ಕೇಳುವುದು ಫೆರಾರದಲ್ಲಿ ಎಲ್ಲಿ ಸಿಗುತ್ತೆ ಎಂದ.

ಇದು ಸುಲಭಕ್ಕೆ ಬಗ್ಗುವ ಪ್ರಾಣಿಯಲ್ಲ ಎಂದು ಮೋಮೊಲೊಗೆ ಅರ್ಥವಾಯಿತು. ಅಷ್ಟರಲ್ಲಿ ನಿವೆಸ್ ಮೆಲ್ಲಗೆ ಕೇಳಿದಳು, ನಿಮಗೆ ಈ ಊರಲ್ಲಿರೋದು ಹೇಗನ್ಸುತ್ತೆ ಅಂತ. ಕೈಗೆ ಸಿಕ್ಕ ಅಸ್ತ್ರವನ್ನು ಅವನು ಬಿಡಲಿಲ್ಲ. ನಾಳೆಯೇ ಯಾರಾದರೂ ಕೈ ಹಿಡಿದು ಹೊರಗೆ ಕರಕೊಂಡು ಹೋದರೆ ಹೊರಟುಬಿಡುತ್ತೇನೆ ಎಂದ. ಗೋಡೆಗೆ ಬೂಜು, ಮೊಣಕಾಲಿಗೆ ಶೀತ, ಹಾಸಿಗೆಗೆ ಉಪ್ಪಿನ ವಾಸನೆ, ಕಕ್ಕಸಿನಲ್ಲಿ ಏಡಿ. ಏಡಿ ಎಂದದ್ದು ಸುಳ್ಳು. ಉಳಿದದ್ದೆಲ್ಲ ನಿಜ, ಅವನು ಯಾವತ್ತೂ ಅದನ್ನು ದೂರೆಂದು ಹೇಳಿರಲಿಲ್ಲ ಅಷ್ಟೇ.

ಆಮೇಲೆ ತಿನ್ನುವುದು. ರೈಲು ನಿಲ್ದಾಣದ ದಾರಿಯಲ್ಲಿ ಒಂದು ಹೋಟೆಲಿದೆ. ಊಟದ ಫೋಟೋಗಳನ್ನು ಬಾಗಿಲಲ್ಲಿ ನೇತುಹಾಕಿರುತ್ತಾರೆ, ಬಿಸಿಲಿಗೆ ಬಣ್ಣ ಹೋಗಿ ಮೀನೂ ಐಸ್‌ಕ್ರೀಮೂ ಒಂದೇ ತರ ಕಾಣುತ್ತವೆ. ಊರಿನ ಬೆಕ್ಕುಗಳೂ ಅದರ ಹಿಂಬಾಗಿಲಿಗೆ ಹೋಗುವುದಿಲ್ಲ. ಬಾಗಿಲಲ್ಲಿ ನಿಂತು ಜನರ ತೋಳು ಹಿಡಿದೆಳೆಯುವ ಮಾಣಿ ಮೋಮೊಲೊನ ತೋಳನ್ನೇ ಹಿಡಿದು, ಹರಕು ಇಂಗ್ಲಿಷಿನಲ್ಲಿ ವೆನಿಸ್ಸಿಗೆ ಸ್ವಾಗತ ಹೇಳಿದ. ಇಲ್ಲೇ ಹುಟ್ಟಿ, ಇಲ್ಲೇ ಮುದುಕನಾದವನಿಗೆ ಆ ಮಾತು ಚುಚ್ಚಿತು. ನಾನು ಈ ಊರಿನವನಯ್ಯ ಎನ್ನಲು ಬಾಯಿ ತೆರೆದು, ಕೆಲಸ ನೆನಪಾಗಿ ಮುಚ್ಚಿದ.

ಒರ್ಸೋಲಾಳ ಸಾರಿಗಾಗಿ ಹೊಟ್ಟೆ ಖಾಲಿ ಇಟ್ಟುಕೊಂಡಿರೋಣವೆಂದು ಅವನು ನನಗೇನೂ ಬೇಡ ಎಂದ. ನೀವು ತಿನ್ನದಿದ್ದರೆ ನಾವೂ ತಿನ್ನುವುದಿಲ್ಲ ಎಂದಳು ನಿವೆಸ್. ಪದರ ಪದರದ ಪಾಸ್ತಾ ಲಜಾನ್ಯ ಮೂರು ತಟ್ಟೆ ಬಂತು. ಅಂಚಿನಲ್ಲಿ ನಾಲಗೆ ಸುಡುತ್ತಿತ್ತು, ನಡುವೆ ಐಸು ಕಟಕಟ ಎನ್ನುತ್ತಿತ್ತು. ನಿವೆಸ್ ಎರಡು ತುತ್ತಿಗೆ ಫೋರ್ಕು ಕೆಳಗಿಟ್ಟಳು. ಎರ್ಕೊಲೆ ತನ್ನದನ್ನು ಮುಗಿಸಿ, ಅವಳದನ್ನು ಎಳೆದುಕೊಂಡು ಮುಗಿಸಿ, ನೀರಿನ ಊರಿನ ಗಾಳಿಗೆ ಹಸಿವು ಜಾಸ್ತಿ ಎಂದ. ಮೋಮೊಲೊ ಕಣ್ಣಲ್ಲಿ ನೀರು ತಂದುಕೊಂಡು ತನ್ನದನ್ನು ನುಂಗಿದ. ಅದು ಹೊಟ್ಟೆಯಲ್ಲಿ ಹೋಗಿ ಕಲ್ಲಿನ ಹಾಗೆ ಕೂತಿತು.

ಕಾಫಿ ಸೋತಿತ್ತು, ಊಟ ಸೋತಿತ್ತು. ಇನ್ನು ತನ್ನ ದುಃಖ ಬಿಟ್ಟರೆ ಕೈಯಲ್ಲಿ ಏನೂ ಇರಲಿಲ್ಲ. ನೀವು ಒಬ್ಬರೇನಾ ಎಂದು ನಿವೆಸ್ ಕೇಳಿದಾಗ ಅವನು ಅದನ್ನೂ ತೆಗೆದು ಮೇಜಿನ ಮೇಲಿಟ್ಟ.

"ಹೆಂಡ್ತಿ ಇದ್ಳಮ್ಮ. ಎದೆ ಹಿಡ್ಕೊಂಡಾಗ ಆಸ್ಪತ್ರೆ ದೋಣಿ ಕರೆಸಿದ್ವಿ. ಅವತ್ತೂ ಹೀಗೇ ನೀರು ಏರಿತ್ತು. ದೋಣಿ ಸೇತುವೆ ಕೆಳಗೆ ತೂರಲಿಲ್ಲ. ಆ ಕಡೆ ನಿಂತು ಅವರು ದೀಪ ಹಾಕ್ತಿದ್ರು, ಈ ಕಡೆ ನಾವು. ಬೇರೆ ಊರಾಗಿದ್ರೆ ಬದುಕಿರ್ತಿದ್ಳೇನೋ."

ಸುಳ್ಳು ಹೇಳಲು ಹೊರಟವನ ಬಾಯಲ್ಲಿ ಈ ನಿಜ ಹೇಗೆ ಬಂತೋ ಅವನಿಗೇ ತಿಳಿಯಲಿಲ್ಲ. ಇದನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ. ಆದರೆ ಇದು ಅರ್ಧ. ಇನ್ನರ್ಧವನ್ನು ಬೇಕೆಂದೇ ನುಂಗಿಕೊಂಡ. ಅವತ್ತು ಜನೆಟ್ಟಾಳನ್ನು ಕುರ್ಚಿಯಲ್ಲಿ ಕೂರಿಸಿ, ಬೋರ್ಟೊಲೊ ಅದರ ಒಂದು ಕಾಲು, ಬ್ರೆಡ್ಡಿನವನು ಒಂದು ಕಾಲು, ಚಪ್ಪಲಿಯವನು ಬೆನ್ನು ಹಿಡಿದು, ಒರ್ಸೋಲಾ ಮುಂದೆ ಲಾಂದ್ರ ಹಿಡಿದು, ತೊಡೆಯವರೆಗಿನ ನೀರಿನಲ್ಲಿ ಇಡೀ ಓಣಿ ಅವಳನ್ನು ಹೊತ್ತು ಸೇತುವೆ ದಾಟಿಸಿತ್ತು. ಅವಳು ಉಳಿಯಲಿಲ್ಲ. ಆದರೆ ಮೋಮೊಲೊ ಆ ಓಣಿ ಬಿಟ್ಟು ಹೋಗುವ ಮಾತನ್ನು ಅಂದಿನಿಂದ ಕನಸಿನಲ್ಲೂ ಆಡಿರಲಿಲ್ಲ. ಈ ಅರ್ಧ ಹೇಳಿದರೆ ಕೆಲಸ ಕೆಡುತ್ತಿತ್ತು.

ನಿವೆಸ್ ಕರವಸ್ತ್ರ ತೆಗೆದಳು. ಎರ್ಕೊಲೆ ಮೊದಲ ಬಾರಿಗೆ ನಗು ನಿಲ್ಲಿಸಿದ. ಬಾಣ ತಾಗಿತೆಂದು ಮೋಮೊಲೊಗೆ ಅನಿಸಿತು. ಅದರ ಜೊತೆಗೇ ಹೆಂಡತಿಯ ಸಾವನ್ನು ಬಳಸಿಕೊಂಡೆನಲ್ಲ ಎಂದು ಮನಸ್ಸು ಹಾಳಾಯಿತು. ಬತ್ತಿ ಹಚ್ಚುವಾಗ ಕ್ಷಮೆ ಕೇಳಿಕೊಂಡರಾಯಿತು ಎಂದುಕೊಂಡು ಎದ್ದ.

ಉಳಿದದ್ದು ನೋಡುವುದು. ಊರಿನಲ್ಲೇ ಅತ್ಯಂತ ತಗ್ಗಿನ, ಗೋಡೆಗಳು ಜಿನುಗುವ, ಸತ್ತ ಇಲಿ ತೇಲುವ ಗಲ್ಲಿಗಳನ್ನು ಆರಿಸಿ ಆರಿಸಿ ಸುತ್ತಿಸಿದ. ಮಂಜು ದಟ್ಟವಾಗಿತ್ತು, ನೀರು ಮೊಣಕಾಲಿಗೆ ಬಂದಿತ್ತು. ಇಂಥ ಹೊತ್ತಿನಲ್ಲಿ ಗಲ್ಲಿ ಎಲ್ಲಿ ಮುಗಿಯಿತು, ಕಾಲುವೆ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಕಾಣುವುದಿಲ್ಲ, ಎರಡೂ ಒಂದೇ ನೀರು. ಗೋಡೆ ಹಿಡಿದು ನಡೆಯಬೇಕೆಂದು ಇಲ್ಲಿನ ಕೂಸಿಗೂ ಗೊತ್ತು. ಮೋಮೊಲೊ ಹಿಂದೆ ತಿರುಗಿ, ಜೋಪಾನ, ಇಲ್ಲಿ ಬಿದ್ದವರ ಟೋಪಿ ಮಾತ್ರ ಸಿಗುತ್ತೆ ಎಂದು ಹೆದರಿಸುತ್ತಾ ಒಂದು ಹೆಜ್ಜೆ ಮುಂದಿಟ್ಟ. ಮರುಗಳಿಗೆಯಲ್ಲಿ ನೀರ ಮೇಲೆ ಅವನ ನೀಲಿ ಟೋಪಿ ಮಾತ್ರ ಇತ್ತು.

ಎರ್ಕೊಲೆ ಬಗ್ಗಿ ಕಾಲರು ಹಿಡಿದು ಒಂದೇ ಎಳೆತಕ್ಕೆ ಅವನನ್ನು ಮೇಲೆತ್ತಿದ. ಎತ್ತಿ ಒಂದು ಬಾಗಿಲ ಮೆಟ್ಟಿಲ ಮೇಲೆ ಕೂರಿಸಿದ. ನಿವೆಸ್ ತನ್ನ ಉಣ್ಣೆ ಶಾಲನ್ನು ಬಿಚ್ಚಿ ಹೊದಿಸಿ, ಟೋಪಿ ಹಿಂಡಿ ಮತ್ತೆ ತಲೆಗಿಟ್ಟಳು. ಹಲ್ಲು ಕಟಕಟ ಎನ್ನುತ್ತಿದ್ದರೂ ಮೋಮೊಲೊ ಕೆಲಸ ಮರೆಯಲಿಲ್ಲ.

"ನೋಡಿದ್ರಲ್ಲಮ್ಮ. ಇದು ಮನುಷ್ಯರು ಬದುಕೋ ಊರಲ್ಲ. ಇಲ್ಲೊಂದು ಮನೆ ಇರೋದು ಅಂದ್ರೆ ಶಿಕ್ಷೆ."

ನಿವೆಸ್ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಅವನು ತಲೆಯಾಡಿಸಿ, ಫೋನು ತೆಗೆದುಕೊಂಡು ಗಲ್ಲಿಯ ತುದಿಗೆ ಹೋಗಿ, ಬೆನ್ನು ತಿರುಗಿಸಿ ನಿಂತು ಬಹಳ ಹೊತ್ತು ಮಾತಾಡಿದ. ಆಯ್ತು, ಬೇಡ ಅಂತ ಹೇಳ್ತಿದಾನೆ, ವ್ಯಾಪಾರ ಮುರೀತು ಎಂದುಕೊಂಡ ಮೋಮೊಲೊ. ಚಳಿಯಲ್ಲೂ ಎದೆಯೊಳಗೆ ಬೆಚ್ಚಗಾಯಿತು. ಬೋರ್ಟೊಲೊನ ಉಪಾಯ ಜೀವಮಾನದಲ್ಲಿ ಒಮ್ಮೆ ಫಲಿಸಿತ್ತು.

ನಿಲ್ದಾಣ ಇಲ್ಲೇ, ನೇರ ಹೋಗಿ, ಸೇತುವೆ ದಾಟಿ, ಸಂಜೆ ರೈಲು ಸಿಗುತ್ತೆ ಎಂದ ಅವರಿಗೆ. ರೈಲು ಹಾಗಿರಲಿ, ಮೊದಲು ನಿಮ್ಮನ್ನು ಮನೆಗೆ ಬಿಟ್ಟು ಬರುತ್ತೇವೆ ಎಂದು ಎರ್ಕೊಲೆ ಅವನ ತೋಳು ಹಿಡಿದ. ಹಿಡಿದವನು ಒಂದು ಮಾತೂ ಕೇಳದೆ ಎಡಕ್ಕೆ ತಿರುಗಿದ, ಗೋಡೆ ಹಿಡಿದು ಒಂದು ಕಮಾನಿನ ಕೆಳಗೆ ನುಗ್ಗಿದ, ಬಾವಿಕಟ್ಟೆಯ ಅಂಗಳ ದಾಟಿದ, ಊರಿನವರೇ ಮರೆತಿದ್ದ ಒಂದು ಸಂದಿಯಲ್ಲಿ ತೂರಿದ. ಮೋಮೊಲೊ ಬಾಯಿ ತೆರೆದುಕೊಂಡೇ ಹಿಂಬಾಲಿಸಿದ. ಮಂಜು ಸರಿದಾಗ ಎದುರಿಗೆ ಒರ್ಸೋಲಾಳ ಅಂಗಡಿಯ ದೀಪ ಕಾಣಿಸಿತು.

ಒಳಗೆ ಹಬ್ಬದ ಊಟ ಮುಗಿದು ಜನ ಹೋಗಿದ್ದರು. ಬೋರ್ಟೊಲೊ ಒಬ್ಬನೇ ಕೂತಿದ್ದ. ಶಾಲು ಹೊದ್ದ ಒದ್ದೆ ಮೋಮೊಲೊನನ್ನೂ ಅವನ ಹಿಂದಿನ ಇಬ್ಬರನ್ನೂ ನೋಡಿ ಅವನ ಮೀಸೆ ಜೋತುಬಿತ್ತು. ಒರ್ಸೋಲಾ ಮಾತ್ರ ದಪ್ಪ ಮನುಷ್ಯನ ಮುಖ ನೋಡುತ್ತಾ ನಿಂತಳು.

"ಎರ್ಕೊಲಿನೊ ಅಲ್ವೇನೋ ನೀನು? ಬೇಸಿಗೆ ರಜದಲ್ಲಿ ಪೆರೀನಾ ಮನೆಗೆ ಬರ್ತಿದ್ದ ಹುಡುಗ. ನನ್ನ ಜಾಡಿಯಿಂದ ಉಪ್ಪು ಮೀನು ಕದೀತಿದ್ದೆ," ಎಂದಳು.

ಅವನೇ. ಪೆರೀನಾಳ ಸೋದರಳಿಯ. ಕೊಳ್ಳಲು ಬಂದವನಲ್ಲ, ಮನೆಯ ಒಡೆಯ. ಮೋಮೊಲೊನನ್ನು ಮೂಲೆಯ ಮೇಜಿನಲ್ಲಿ, ಒಲೆಯ ಹತ್ತಿರ ಕೂರಿಸಿ ಅವನು ಎದುರಿನ ಕುರ್ಚಿಯಲ್ಲಿ, ಜನೆಟ್ಟಾಳ ಕುರ್ಚಿಯಲ್ಲಿ, ಕೂತ. ಕ್ಷಮಿಸಬೇಕು ಯಜಮಾನರೇ, ಅತ್ತೆ ಹೇಳುತ್ತಿದ್ದ ನಿಮ್ಮ ನೀಲಿ ಟೋಪಿ ನಿಲ್ದಾಣದಲ್ಲೇ ನೋಡಿ ಗುರುತು ಹಿಡಿದೆವು, ಬೇಕೆಂದೇ ಹೇಳಲಿಲ್ಲ ಎಂದ.

"ಸಾಯೋ ಮುಂಚೆ ಅತ್ತೆ ನನ್ನ ಕೈ ಹಿಡ್ಕೊಂಡು ಹೇಳಿದ್ರು. ಮೋಮೊಲೊ ಎಲ್ಲಿವರೆಗೂ ಇರ್ತೀನಿ ಅಂತಾನೋ ಅಲ್ಲಿವರೆಗೂ ಆ ಮಹಡಿ ಅವನದೇ, ಬಾಡಿಗೇನೂ ಬೇಡ ಅಂತ. ಆದ್ರೆ ಎದುರಿಗೆ ಕೇಳ್ಬೇಡ, ಅವನು ಏನೂ ತೊಂದರೆ ಇಲ್ಲ ಅಂತಾನೆ. ಉಪಾಯವಾಗಿ ಮನಸ್ಸು ತಿಳ್ಕೊ ಅಂದ್ರು. ಅದಕ್ಕೇ ಹೀಗೆ ಬಂದ್ವಿ. ಇದ್ದುಬಿಡಿ ಅಂತ ಹೇಳೋಕೇ ಬಂದಿದ್ವಿ."

ಮೋಮೊಲೊನ ಮುಖದಲ್ಲಿ ಬಂದ ಬೆಳಕನ್ನು ಒರ್ಸೋಲಾ ಇಂದಿಗೂ ನೆನೆಸಿಕೊಳ್ಳುತ್ತಾಳೆ. ಅದು ಒಂದು ಉಸಿರಿನಷ್ಟು ಹೊತ್ತು ಇತ್ತು.

"ಒಳ್ಳೇದಾಯ್ತು ಬಂದಿದ್ದು," ಎಂದಳು ನಿವೆಸ್, ಕಣ್ಣೊರೆಸಿಕೊಂಡು. "ಇಲ್ದಿದ್ರೆ ನಿಮ್ಮನ್ನ ಈ ನರಕದಲ್ಲೇ ಕಟ್ಟಿಹಾಕಿಬಿಡ್ತಿದ್ವಿ."

ಎಲ್ಲ ವ್ಯವಸ್ಥೆಯೂ ಆಗಿಹೋಗಿತ್ತು. ಗಲ್ಲಿಯ ತುದಿಯಲ್ಲಿ ಎರ್ಕೊಲೆ ಮಾತಾಡಿದ್ದು ಅದನ್ನೇ. ಉದ್ದ ಸೇತುವೆಯಾಚೆ, ಗಟ್ಟಿ ನೆಲದ ಮೇಲಿನ ಮೆಸ್ತ್ರೆ ಊರಿನಲ್ಲಿ ನಿವೆಸಳ ತಂಗಿಯ ಮನೆ ಖಾಲಿ ಇದೆ. ಲಿಫ್ಟಿದೆ, ಒಣ ಗೋಡೆ, ಕಿಟಕಿಯಿಂದ ನೋಡಿದರೆ ನಿಲ್ಲಿಸಿದ ಕಾರುಗಳು, ಆಂಬುಲೆನ್ಸ್ ಬಾಗಿಲಿಗೇ ಬರುತ್ತದೆ. ಅಲ್ಲಿನ ಖರ್ಚೆಲ್ಲ ತಮ್ಮದೇ. ಅದನ್ನು ಭರಿಸುವುದಕ್ಕೆಂದೇ ಇಲ್ಲಿನ ಮನೆಯನ್ನು, ಮಹಡಿ ಸಮೇತ, ಪ್ರವಾಸಿಗಳಿಗೆ ಬಾಡಿಗೆಗೆ ಕೊಡಿಸುವ ಕಂಪನಿಗೆ ಒಪ್ಪಿಸಿ ಮಾತು ಕೊಟ್ಟಾಯಿತು. ಕಂಪನಿಯವರು ಅತ್ತೆ ಸತ್ತಂದಿನಿಂದ ಬೆನ್ನು ಹತ್ತಿದ್ದರು, ಇಷ್ಟು ದಿನ ನಿಮಗೋಸ್ಕರ ಬೇಡ ಎಂದಿದ್ದೆವು ಎಂದ ಎರ್ಕೊಲೆ.

ಮೋಮೊಲೊ ಜೀವನದಲ್ಲಿ ಮೊದಲ ಬಾರಿಗೆ ತನಗೇನು ಬೇಕೆಂದು ಬಾಯಿಬಿಟ್ಟು ಹೇಳಿದ.

"ನಾನು ಹೋಗಲ್ಲ ಸ್ವಾಮಿ. ನನಗೆ ಇಲ್ಲೇ ಇರ್ಬೇಕು. ಬೆಳಿಗ್ಗೆಯಿಂದ ಹೇಳಿದ್ದೆಲ್ಲಾ ಸುಳ್ಳು."

ನಿವೆಸ್ ಅವನ ಕೈ ಮೇಲೆ ಕೈಯಿಟ್ಟು ಗಂಡನ ಕಡೆ ತಿರುಗಿದಳು. "ನೋಡಿದ್ರಾ? ಅತ್ತೆ ಹೇಳಿದ ಹಾಗೇ. ನಮಗೆ ಖರ್ಚಾಗುತ್ತೆ ಅಂತ ಈಗ ಹೀಗಂತಾರೆ."

ಬೋರ್ಟೊಲೊ ಎದ್ದು ನಿಂತು, ಇದೆಲ್ಲ ನಾನೇ ಹೇಳಿಕೊಟ್ಟ ನಾಟಕ ಎಂದು ಎದೆ ಮುಟ್ಟಿಕೊಂಡು ಒಪ್ಪಿಕೊಂಡ. ಎರ್ಕೊಲೆ ಅವನನ್ನೂ ಪ್ರೀತಿಯಿಂದ ನೋಡಿದ. ಸ್ನೇಹಿತ ದೂರ ಹೋಗ್ತಾನೆ ಅಂತ ನಿಮಗೆ ಸಂಕಟ, ಅರ್ಥವಾಗುತ್ತೆ, ಆದರೆ ಕಾಲುವೆಗೆ ಬಿದ್ದಿದ್ದೂ ನಾಟಕವೇ ಎಂದು ಕೇಳಿದ. ಬೋರ್ಟೊಲೊ ಮತ್ತೆ ಕೂತುಬಿಟ್ಟ. ಅವತ್ತು ದೋಣಿ ಬರದಿದ್ದದ್ದು ನಿಜ, ಆದರೆ ಇವರೆಲ್ಲ ಸೇರಿ ಅವಳನ್ನು ಕುರ್ಚಿಯಲ್ಲಿ... ಎಂದು ಮೋಮೊಲೊ ಶುರು ಮಾಡಿದ. ಸಾಕು ಯಜಮಾನರೇ, ಅದನ್ನೆಲ್ಲ ಇನ್ನು ನೆನೆಸಿಕೊಳ್ಳಬೇಡಿ ಎಂದು ನಿವೆಸ್ ಅವನ ಬೆನ್ನು ಸವರಿದಳು. ಮುಚ್ಚಿಟ್ಟಿದ್ದ ಇನ್ನರ್ಧ ಅಲ್ಲಿಗೇ ನಿಂತಿತು.

ಏನು ಮಾಡಬೇಕೆಂದು ತಿಳಿಯದೆ ಒರ್ಸೋಲಾ ಎತ್ತಿಟ್ಟಿದ್ದ ಬಟ್ಟಲನ್ನು ಬಿಸಿ ಮಾಡಿ ತಂದು ಮೋಮೊಲೊನ ಮುಂದಿಟ್ಟಳು. ಪಾತ್ರೆಯಲ್ಲಿ ಉಳಿದಿದ್ದ ಕೊನೆಯ ಬಟ್ಟಲು, ಅವನಿಗೆ ಮುಂದಿನದು ಯಾವ ಹಬ್ಬಕ್ಕೋ ಹೇಳುವವರಿಲ್ಲ. ಹೊಗೆಯಾಡುವ ಸಾರು, ಮೆತ್ತಗೆ ಬೆಂದ ಕೋಸು, ಜನೆಟ್ಟಾ ಇಷ್ಟಪಡುತ್ತಿದ್ದ ಮೂಳೆಯ ತುಂಡು. ಮೋಮೊಲೊ ಚಮಚ ಎತ್ತಿದ. ಲಜಾನ್ಯದ ಕಲ್ಲು ಒಂದು ತುತ್ತಿಗೂ ಜಾಗ ಬಿಟ್ಟಿರಲಿಲ್ಲ. ಚಮಚ ಕೆಳಗಿಟ್ಟ.

"ಬೇಡ್ವಾ ಯಜಮಾನ್ರೇ?" ಎಂದ ಎರ್ಕೊಲೆ.

ಅಭ್ಯಾಸ ಬಿಡಲಿಲ್ಲ. "ತಗೊಳ್ಳಿ ಸ್ವಾಮಿ, ಏನೂ ತೊಂದರೆ ಇಲ್ಲ," ಎಂದಿತು ಬಾಯಿ.

ಎರ್ಕೊಲೆ ಮೂಳೆಯನ್ನೂ ಬಿಡದೆ ಮುಗಿಸಿದ. ಇಷ್ಟು ಚೆನ್ನಾಗಿ ತಿಂದು, ಕುಡಿದು, ಸುತ್ತಾಡಿದ ರಜೆ ಮದುವೆಯಾದ ಮೇಲೆ ಇದೇ ಮೊದಲು ಎಂದ.

ಮೋಮೊಲೊ ಮೆಲ್ಲಗೆ ಎದ್ದು ಹೊರಗೆ ಬಂದ. ನೀರು ಇಳಿಯುತ್ತಿತ್ತು. ಇಗರ್ಜಿ ಮುಚ್ಚುವುದರೊಳಗೆ ಬತ್ತಿಯಾದರೂ ಹಚ್ಚೋಣವೆಂದು ಜೇಬಿಗೆ ಕೈ ಹಾಕಿದ. ಬತ್ತಿ ನಡುವೆ ಮುರಿದು, ನೆನೆದು, ಎರಡು ತುಂಡಾಗಿತ್ತು. ಅದನ್ನು ಹಿಡಿದುಕೊಂಡು ತನ್ನ ಬಾಗಿಲಿನ ಮುಂದೆ ನಿಂತ. ಚಿಲಕದ ಪಕ್ಕದ ಗೋಡೆಯ ಮೇಲೆ ಡಬ್ಬಿ ಎಲ್ಲಿ ಬರುತ್ತದೆಂದು ಅವನಿಗೆ ಕಾಣುತ್ತಿತ್ತು.

ಕಲ್ಲಿನ ಮೇಲೆ ಚಕ್ರಗಳ ಗಡಗಡ ಕೇಳಿಸಿತು. ಮಂಜಿನೊಳಗಿಂದ ಒಬ್ಬ ಹುಡುಗ, ಒಬ್ಬ ಹುಡುಗಿ ಪೆಟ್ಟಿಗೆ ಎಳೆದುಕೊಂಡು ಬಂದರು. ಬಹಳ ಹೊತ್ತು ದಾರಿ ತಪ್ಪಿ ಸುತ್ತಿದವರ ಮುಖ. ಇಲ್ಲಿ ಊಟ ಎಲ್ಲಿ ಚೆನ್ನಾಗಿದೆ ಎಂದು ಕೇಳಿದಳು ಹುಡುಗಿ. ಅವನ ತಲೆಯ ಟೋಪಿ ನೋಡಿ ಮತ್ತೆ ಕೇಳಿದಳು.

"ನೀವು ಈ ಊರಿನವರೇ ತಾನೇ ತಾತ?"

ಮೋಮೊಲೊ ಬಾಗಿಲನ್ನು ನೋಡಿದ, ಅವಳನ್ನು ನೋಡಿದ.

"ಅಲ್ಲಮ್ಮ, ನಾನೂ ಹೊರಗಿನವನೇ," ಎಂದ. ಆಮೇಲೆ ಒರ್ಸೋಲಾಳ ಅಂಗಡಿಗೆ ಬೆನ್ನು ತಿರುಗಿಸಿ, ಕೈಯಲ್ಲಿದ್ದ ಮುರಿದ ಬತ್ತಿಯಿಂದ ಮಂಜಿನ ಕಡೆ ತೋರಿಸಿದ. "ನೇರ ಹೋಗಿ, ಸೇತುವೆ ದಾಟಿ."